ನೀರು ಹೋದ ದಾರಿ

ಕುಷ್ಟಗಿ
ಸೋಮವಾರ, 10 ನವೆಂಬರ್ 2025

ನಮ್ಮ ದುರ್ಗಾದೇವಿಯ ಅಪ್ಪನವರಿಗೆ,

ಸುರೇಖಾಳ ನಮಸ್ಕಾರಗಳು. ಹೇಗಿದ್ದೀರಿ? ಕೈ ನಡುಕ ಕಡಿಮೆಯಾಯಿತೆ? ರಾತ್ರಿ ನಿದ್ದೆ ಹತ್ತುತ್ತದೆಯೆ? ಗಂಗಾವತಿಯ ಕಡೆ ಗದ್ದೆಯ ನೀರಿಗೆ ಸೊಳ್ಳೆ ಬಹಳ ಎಂದು ಕೇಳಿ ವಾಹೀದನ ಕೈಯಲ್ಲಿ ಸೊಳ್ಳೆಪರದೆ ಕಳಿಸಿದ್ದೆ. ಅದನ್ನು ಕಟ್ಟಿಕೊಂಡು ಮಲಗಿ, ಮಡಿಸಿ ತಲೆದಿಂಬು ಮಾಡಿಕೊಳ್ಳಬೇಡಿ. ನಿಮ್ಮನ್ನು ನಾನು ಬಲ್ಲೆ. ಎರಡು ಹೊತ್ತೂ ಅನ್ನವೇ ಅಂತೆ. ರೊಟ್ಟಿ ಇಲ್ಲದ ತಾಟಿನ ಮುಂದೆ ನಿಮ್ಮ ಮುಖ ಹೇಗಾಗಿರುತ್ತದೆ ಎಂದು ನೆನೆದರೆ ನಗುವೂ ಬರುತ್ತದೆ, ಪಾಪ ಎಂದೂ ಅನಿಸುತ್ತದೆ. ಇಲ್ಲಿ ನಾವೆಲ್ಲ ಆರಾಮ. ದುರ್ಗಾ ಪರೀಕ್ಷೆಗೆ ಓದುತ್ತೇನೆಂದು ಪುಸ್ತಕ ಎದುರಿಗಿಟ್ಟುಕೊಂಡು ಮೊಬೈಲು ನೋಡುತ್ತಾಳೆ. ಅವ್ವನ ಮೊಣಕಾಲು ಹಠ ಹಿಡಿದಿದೆ. ಆದರೂ ಸೊಸೆಯ ಸಾರಿನಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಹುಡುಕುವ ಶಕ್ತಿ ಕುಂದಿಲ್ಲ. ಕುಡಿತ ಬಿಡಿಸುವ ಕೇಂದ್ರದಲ್ಲಿ ಫೋನು ಕೊಡುವುದಿಲ್ಲವಾದ್ದರಿಂದ ನಿಮ್ಮ ಜೊತೆ ಕಾಗದದ ಮೇಲೇ ಜಗಳ ಆಡಬೇಕಾಗಿದೆ. ಒಂದು ಲಾಭವೆಂದರೆ, ನಡುವೆ ನೀವು ಬಾಯಿ ಹಾಕಲಾರಿರಿ.

ಹುಣ್ಣಿಮೆಯ ದಿನ ನಿಮ್ಮ ಕೇಂದ್ರದ ಸರ್ ಫೋನು ಮಾಡಿದ್ದರು. ಇನ್ನು ಉಳಿದಿರುವ ವಾರಗಳೇ ಮುಖ್ಯವಂತೆ, ಆದರೆ ಪಂಪಾಪತಿಯವರು ಮನೆಗೆ ಹೋಗುತ್ತೇನೆಂದು ಒಂದೇ ಸಮನೆ ಹಠ ಹಿಡಿದು ಕುಂತಿದ್ದಾರೆ ಅಂದರು. ಕಾರಣ ಏನೆಂದರೆ ಕಾರು! ‘ನಮ್ಮ ಗಾಡಿ ಇಂಜಿನ್ನು ಕಾಯಾಕ ಹತ್ತೈತಂತ್ರಿ. ಅದರ ಗುಣ ನನ್ನ ಬಿಟ್ರ ಯಾರಿಗೂ ತಿಳಿಯಂಗಿಲ್ಲ. ಎರಡ ದಿನ ಬಿಡ್ರಿ, ರಿಪೇರಿ ಮಾಡಿಸಿ ಬಂದಬಿಡ್ತೀನಿ’ ಅಂದಿರಂತೆ. ಸೊಳ್ಳೆಪರದೆ ಕೊಟ್ಟು ಬಾ ಎಂದು ಕಳಿಸಿದರೆ ವಾಹೀದ ಕಾರಿನ ಸುದ್ದಿಯನ್ನೂ ಕೊಟ್ಟು ಬಂದಿದ್ದಾನೆ. ಅವನಿಗೆ ಆಮೇಲೆ ಸರಿಯಾಗಿ ಬೈದೆ. ಹೋದ ವರ್ಷವೂ ಮದುವೆಯ ಬಾಡಿಗೆಗಳು ತಪ್ಪುತ್ತವೆ ಎಂದು ಅರ್ಧಕ್ಕೆ ಎದ್ದು ಬಂದಿರಿ. ಬಂದ ವಾರದೊಳಗೆ ಏನಾಯಿತೆಂದು ನಾನು ಬರೆಯುವುದಿಲ್ಲ. ನಿಮಗೂ ಗೊತ್ತು, ಯಲಬುರ್ಗಾ ರಸ್ತೆಯ ಆ ಜಾಲಿಗಿಡಕ್ಕೂ ಗೊತ್ತು. ಕಾರು ಹಾಳಾದರೆ ಹಾಳಾಗಲಿ, ಅದರ ನೆಪ ಹಿಡಿದು ನೀವು ಬಂದುಬಿಟ್ಟರೆ ಏನು ಗತಿ ಎಂದು ಹೆದರಿದೆ. ಮೊದಲು ಆ ನೆಪವನ್ನೇ ಮುಗಿಸಬೇಕೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ನೀವು ಹೋದಾಗಿನಿಂದ ವಾಹೀದ ತನ್ನ ಗ್ಯಾರೇಜಿನ ಕೆಲಸದ ನಡುವೆ ನಮಗಾಗಿ ಒಂದೊಂದು ಬಾಡಿಗೆ ಹೊಡೆಯುತ್ತಿದ್ದಾನೆ. ತಾವರಗೇರಾ ಬರುವುದರೊಳಗೆ ಕಾವಿನ ಮುಳ್ಳು ಮೇಲೇರುತ್ತಿತ್ತು. ಪಾಪ, ಹುಡುಕದ ಜಾಗವಿಲ್ಲ. ಪೈಪುಗಳನ್ನು ಹಿಚುಕಿ ನೋಡಿದ, ರೇಡಿಯೇಟರು ತೊಳೆದ, ರಾತ್ರಿ ಇಂಜಿನ್ನಿನ ಕೆಳಗೆ ರಟ್ಟು ಹಾಸಿಟ್ಟ. ರಟ್ಟಿನ ಮೇಲೆ ಒಂದು ಹನಿ ಇಲ್ಲ. ಎಣ್ಣೆಯಲ್ಲಿ ನೀರು ಕೂಡಿ ಬೆಳ್ಳಗಾಗಿದೆಯೇ ಎಂದು ನೋಡಿದರೆ ಅದೂ ಇಲ್ಲ. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದಲ್ಲ, ಅದಕ್ಕೆ ಬೆಳಿಗ್ಗೆ ತಣ್ಣಗಾದ ಮೇಲೆ ಬಂದು ತೆಗೆಯುತ್ತಿದ್ದ. ದಿನಾಲೂ ನೀರು ಕಂಠಮಟ ತುಂಬಿರುತ್ತಿತ್ತು. ‘ನೀರಂತೂ ಕಮ್ಮಿ ಆಗವಲ್ದು, ಗಾಡಿ ಮಾತ್ರ ಕಾಯ್ತೈತಿ. ಇಂಜಿನ್ನರೆ ಬಿಚ್ಚಬೇಕು, ಇಲ್ಲಾ ಪಂಪಣ್ಣರೆ ಬರಬೇಕು ನೋಡ್ರಿ ವೈನಿ’ ಎಂದು ಕೈಚೆಲ್ಲಿದ. ಆ ಎರಡನೆಯ ಮಾತು ನನಗೆ ಬೇಡವಾಗಿತ್ತು.

ಈಗ ಅವ್ವನ ವಿಷಯ ಹೇಳುತ್ತೇನೆ, ಓದಿ ಸಿಟ್ಟಾಗಬೇಡಿ. ಮೊಣಕಾಲಿನ ದೆಸೆಯಿಂದ ಈ ಹುಣ್ಣಿಮೆಗೆ ಅವ್ವ ದೇವಿಯ ದರ್ಶನಕ್ಕೆ ಹುಲಿಗಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅಲ್ಲಿಂದ ಹೊಳೆಯ ನೀರು ತರುವ ಆ ನೀಲಿ ಕ್ಯಾನು ಬರಿದಾಗಿದ್ದರಿಂದ ಅದನ್ನು ದೇವರ ಮುಂದೆ ಇಟ್ಟುಕೊಂಡು ಸಪ್ಪಗೆ ಕೂತಿದ್ದರು. ಅದೇ ಹೊತ್ತಿಗೆ ಅಂಗಳದಿಂದ ವಾಹೀದ ‘ವೈನಿ, ಇವತ್ತ ನೀರ ಇಳದೈತ್ರಿ, ಬೆರಳಿಗೂ ಹತ್ತವಲ್ದು’ ಎಂದು ಕೂಗಿದ. ನಾನು ಕ್ಯಾನು ನೋಡಿದೆ, ಅವ್ವನ ಮುಖ ನೋಡಿದೆ. ಅವ್ವ ಗೋಡೆ ನೋಡಿದರು. ಎಷ್ಟೋ ತಿಂಗಳಿಂದ, ನಾವೆಲ್ಲ ಏಳುವ ಮುಂಚೆ, ಪೂಜೆ ಮುಗಿಸಿ, ನೀವು ಬಾನೆಟ್ ಎತ್ತುವುದನ್ನು ನೋಡಿ ಕಲಿತಂತೆಯೇ ಎತ್ತಿ, ರೇಡಿಯೇಟರು ತುಂಬುವವರೆಗೆ ಹುಲಿಗಿಯ ನೀರು ಹಾಕುತ್ತಿದ್ದರಂತೆ. ಯಾಕವ್ವಾ ಎಂದರೆ, ‘ತಾಯಿ ಹೊಳಿ ನೀರು ಗಾಡ್ಯಾಗ ಇದ್ರ ನನ್ನ ಮಗಾ ಕುಡದ ಹೊಡದ್ರೂ ಆಕಿ ಮನಿಗೆ ತಂದ ಬಿಡ್ತಾಳಂತ ಹಾಕ್ತಿದ್ನೆವಾ’ ಅಂದರು. ಈಗ ಅವರು ಊರಲ್ಲಿಲ್ಲವಲ್ಲ ಎಂದೆ. ‘ಅಂವಾ ಬರೂತನಾ ಗಾಡಿ ಛಲೋ ಇರಬೇಕಲ್ಲ’ ಅಂದರು. ಬೈಯಲು ಹೊರಟವಳು ಅವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತೆ. ನಿಮ್ಮ ಮೇಲಿನ ಪ್ರೀತಿಯಿಂದಲೇ ಅವ್ವ ಕಾರಿನ ರೋಗ ಇಷ್ಟು ದಿನ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟಿದ್ದರು, ಅವರಿಗೇ ಗೊತ್ತಿಲ್ಲದೆ.

ಹೀಗೆ ನೀರು ಹೋಗುತ್ತಿದೆ ಎಂಬುದಂತೂ ಖಾತ್ರಿಯಾಯಿತು. ಎಲ್ಲಿ ಹೋಗುತ್ತಿದೆ ಎಂಬುದು ಉಳಿಯಿತು. ಹೊಳೆಯ ನೀರು ತೀರಿದ್ದರಿಂದ ವಾಹೀದ ನಮ್ಮ ಬೋರಿನ ಸವುಳು ನೀರನ್ನೇ ತುಂಬಿಕೊಂಡು ಮೂರು ದಿನ ಓಡಿಸಿದ. ನೆಲಕ್ಕೆ ಆಗಲೂ ಹನಿ ಬೀಳಲಿಲ್ಲ. ನಿನ್ನೆ ನಾನೇ ಬಾನೆಟ್ ಎತ್ತಿಸಿ ನಿಂತೆ. ಒಂದು ಕೈಯಲ್ಲಿ ಮೊಬೈಲಿನ ಬೆಳಕು, ಇನ್ನೊಂದರಲ್ಲಿ ನನ್ನ ಪೌಡರ್ ಡಬ್ಬಿಯ ಕನ್ನಡಿ. ಓಣಿಯವರೆಲ್ಲ ಪಂಪಾಪತಿಯ ಹೆಂಡತಿ ಇಂಜಿನ್ನಿಗೆ ಮುಖ ತೋರಿಸುತ್ತಿದ್ದಾಳೆ ಎಂದು ನಕ್ಕರು, ನಗಲಿ. ಇಂಜಿನ್ನಿನ ಬೆನ್ನ ಹಿಂದೆ, ಕೈ ಸರಿಯಾಗಿ ತೂರದ ಸಂದಿಯಲ್ಲಿ, ಕನ್ನಡಿಯೊಳಗೆ ಒಂದು ಬಿಳಿ ಗೆರೆ ಕಂಡಿತು. ನಮ್ಮ ಬಚ್ಚಲ ಹಂಡೆಯ ಕಂಠಕ್ಕೆ ಕಟ್ಟುವ ಅದೇ ಬಿಳಿ ಕರೆ. ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕುವವಳು ನಾನು, ನನಗೆ ಗುರುತು ಸಿಗದೆ ಇರುತ್ತದೆಯೆ? ಸವುಳು ನೀರು ಆರಿದ ಕಡೆಯೆಲ್ಲ ಕರೆ ಬಿಡುತ್ತದೆ. ಹೊಳೆಯ ಸಿಹಿನೀರು ಅಷ್ಟು ಬಿಡುವುದಿಲ್ಲ, ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ವಾಹೀದ ಆ ಗೆರೆ ಹಿಡಿದು ಮೇಲಕ್ಕೆ ಹುಡುಕುತ್ತ ಹೋದ. ಅಲ್ಲಿ ಇಂಜಿನ್ನಿನ ತೂತು ಮುಚ್ಚುವ ರೂಪಾಯಿಯಷ್ಟಗಲದ ತಗಡಿನ ಬಿಲ್ಲೆ ಇದೆಯಂತೆ, ಅದು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗಿದೆ. ಇಂಜಿನ್ನು ಕಾದಾಗ ಮಾತ್ರ ಅಲ್ಲಿಂದ ನೀರು ಚಿಮ್ಮುತ್ತದೆ, ಪಕ್ಕದಲ್ಲೇ ಇರುವ ಹೊಗೆಯ ಪೈಪಿನ ಮೇಲೆ ಬಿದ್ದು ಆವಿಯಾಗಿ ಹೋಗುತ್ತದೆ. ನೆಲಕ್ಕೆ ಬೀಳುವುದಾದರೂ ಹೇಗೆ? ‘ಪಂಪಣ್ಣ ಇದ್ರೂ ಇದು ಸಿಗತಿದ್ದಿಲ್ರಿ ವೈನಿ. ಅಂವಾ ಯಾವತ್ತರ ಹಂಡೆ ತಿಕ್ಕ್ಯಾನೇನು?’ ಎಂದು ವಾಹೀದ ನಕ್ಕ. ಆ ಮಾತನ್ನು ನಿಮಗಾಗಿಯೇ ಇಲ್ಲಿ ಬರೆದಿದ್ದೇನೆ. ಇವತ್ತು ಹೊಸ ಬಿಲ್ಲೆ ಬಡಿದು, ಒಳಗೆಲ್ಲ ತೊಳೆದು, ಹಸಿರು ಕೂಲಂಟ್ ತುಂಬಿದ. ಇನ್ನು ಮೇಲೆ ಯಾವ ನೀರನ್ನೂ ಹಾಕಬಾರದೆಂದು ಅವ್ವನಿಗೆ ಹೇಳಿದರೆ, ಒಂದು ಚಮಚವಾದರೂ ಬೇಡವೇ ಎಂದು ಕೇಳಿದರು. ‘ಒಂದ ಚಮಚಾ ನಡೀತೈತಿ ಬಿಡಬೇ’ ಎಂದು ವಾಹೀದನೇ ಸೋತ. ಆಮೇಲೆ ತಾವರಗೇರಾಕ್ಕೆ ಹೋಗಿ ಬಂದೆವು. ದಾರಿಯುದ್ದಕ್ಕೂ ನಾನು ಕಾವಿನ ಮುಳ್ಳನ್ನೇ ನೋಡುತ್ತ ಕೂತಿದ್ದೆ. ಅರ್ಧ ದಾಟಿ ಮೇಲೇರಲಿಲ್ಲ.

ಆದ್ದರಿಂದ ಕಾರಿನ ಚಿಂತೆ ಬಿಡಿ. ನೀವಿಲ್ಲದೆ ಕಾರು ರಿಪೇರಿಯಾಗುತ್ತದೆ ಎಂದು ಬರೆಯುವಾಗ ಸ್ವಲ್ಪ ಜಂಬ ಬಂತು, ಆಮೇಲೆ ಅಳು ಬಂತು. ಸಂಜೆ ಓಣಿಯಲ್ಲಿ ಯಾವ ಹಾರ್ನ್ ಕೇಳಿದರೂ ಈಗಲೂ ಎದ್ದು ಚಹಾಕ್ಕೆ ಇಡುತ್ತೇನೆ. ನನಗೆ ನೀವು ಬೇಕು. ಪೂರ್ತಿ ಗುಣವಾದ ನೀವು ಬೇಕು. ಅದಕ್ಕೆ ಎಷ್ಟು ವಾರ ಹಿಡಿದರೂ ಒಬ್ಬಳೇ ಚಹಾ ಕುಡಿಯುತ್ತೇನೆ.

ಅವ್ವ ನಿಮ್ಮ ತಲೆ ಸವರಿ ದೃಷ್ಟಿ ತೆಗೆದಿದ್ದಾರೆಂದು ತಿಳಿಯಿರಿ. ದುರ್ಗಾ ಅಪ್ಪನಿಗೆ ಅಂತ ಏನೋ ಬರೆಯುತ್ತೇನೆಂದಳು, ಪೆನ್ನು ಕಚ್ಚುತ್ತ ಕೂತು, ಕೊನೆಗೆ ಅದನ್ನು ನನ್ನ ಕೈಗೇ ಕೊಟ್ಟಳು. ವಾಹೀದನ ಸಲಾಮು.

ನಿಮ್ಮ ಜಗಳಗಂಟಿ,
ಸುರೇಖಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಭಾನುವಾರ ಭೇಟಿಗೆ ಬಿಡುತ್ತಾರಂತೆ. ನಮ್ಮ ಕಾರಿನಲ್ಲೇ ಬರುತ್ತೇವೆ, ವಾಹೀದ ಹೊಡೆಯುತ್ತಾನೆ. ನೀವು ಆಗಲೇ ಬ್ಯಾಗು ಕಟ್ಟಿ ಇಟ್ಟಿದ್ದೀರೆಂದು ಸರ್ ಹೇಳಿದರು. ಬಿಚ್ಚಿಡಿ. ಮುಂದಿನ ಸೀಟಿನಲ್ಲಿ ಅವ್ವ. ಹಿಂದೆ ನಾನು, ದುರ್ಗಾ ಮತ್ತು ವಾಹೀದನ ಹೆಂಡತಿ ಮುಬಾಶಿರಾ. ಮುಬಾಶಿರಾಗೆ ಗಂಗಾವತಿಯಲ್ಲಿ ಯಾವ ಕೆಲಸವೂ ಇಲ್ಲ, ನಾನೇ ಬಾ ಎಂದು ಕರೆದಿದ್ದೇನೆ. ಬರುವಾಗಲೂ ಕಾರು ತುಂಬಿರುತ್ತದೆ, ಹೋಗುವಾಗಲೂ ತುಂಬಿರುತ್ತದೆ. ಗೇಟಿನಲ್ಲಿ ನಿಮ್ಮ ಮುಖ ನೋಡಿದರೆ ಹತ್ತಿ ಕೂತುಕೊಳ್ಳಿ ಎಂದುಬಿಡುತ್ತೇನೆ, ನನ್ನನ್ನೂ ನಾನು ಬಲ್ಲೆ. ಅದಕ್ಕೇ ಸೀಟು ಖಾಲಿ ಇಟ್ಟಿಲ್ಲ.