ಭೈರವಿ ಆದ ಮೇಲೆ

ಬಿ.ಟಿ.ಎಂ. ಲೇಔಟ್, ಎರಡನೇ ಹಂತ
ಬೆಂಗಳೂರು
೩ ಫೆಬ್ರವರಿ ೨೦೦೪, ಮಂಗಳವಾರ

ಮೂರು ವರ್ಷದಿಂದ ನನ್ನ ಮೇಲೆ ಮುನಿಸಿಕೊಂಡು ಧಾರವಾಡದಲ್ಲಿ ಹಾಯಾಗಿರುವ ಗೆಳತಿ ಸರ್ವಮಂಗಳಾಗೆ, ಶೈಲಶ್ರೀ ಮಾಡುವ ನಮಸ್ಕಾರ.

ನಾನು ಕ್ಷೇಮ ಎಂದು ಬರೆಯುವುದು ಪದ್ಧತಿ. ಕ್ಷೇಮವೇನೋ ಹೌದು, ಆದರೆ ಸಾಕಾಗಿದೆ. ಫೋನ್ ಮಾಡಬಹುದಿತ್ತು. ಮಾಡಿದ್ದರೆ ನೀನು ಎರಡನೇ ಮಾತಿಗೇ ಬಾಯಿ ಹಾಕಿ ‘ನಾ ಆಗಲೇ ಹೇಳಿದ್ದಿಲ್ಲೇನ’ ಎನ್ನುತ್ತಿದ್ದೆ. ಅದನ್ನು ಕೇಳುವ ಶಕ್ತಿ ನನಗೆ ಸದ್ಯಕ್ಕೆ ಇಲ್ಲ. ಕಾಗದಕ್ಕೆ ನಡುವೆ ಬಾಯಿ ಹಾಕಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ನಮ್ಮ ಮಾಳಿಗೆಗೆ ಬೀಗ ಬಿದ್ದು ಒಂಬತ್ತು ಭಾನುವಾರ ಆಯಿತು. ತೊಂಬತ್ತೆರಡರಲ್ಲಿ ನೀನೂ ನಾನೂ ದಾನಮ್ಮನ ಖಾನಾವಳಿಯ ಮೇಲಿದ್ದ ಆ ಖಾಲಿ ಹಾಲ್ ಗುಡಿಸಿ, ಎರಡು ಜಮಖಾನೆ ಹಾಸಿ, ‘ಬೆಂಗಳೂರಿನಾಗ ನಮ್ಮ ಹಾಡು ಕೇಳೋರು ಹತ್ತು ಮಂದಿ ಸಿಕ್ಕರ ಸಾಕು’ ಎಂದು ಕೂತಿದ್ದೆವು. ಮೊದಲ ಭಾನುವಾರ ಬಂದವರು ಏಳು ಜನ. ಅದರಲ್ಲಿ ಮೂವರು ಊಟಕ್ಕೆ ಬಂದವರು ದಾರಿ ತಪ್ಪಿ ಮೆಟ್ಟಿಲು ಹತ್ತಿದ್ದರು. ಅಲ್ಲಿಂದ ಹನ್ನೊಂದು ವರ್ಷ, ಭಾನುವಾರ ಬೆಳಿಗ್ಗೆ ಹತ್ತು ಎಂದರೆ ಹತ್ತಕ್ಕೆ ತಂಬೂರಿ ಶ್ರುತಿಯಾಗಿದೆ. ನೀನು ಬಿಟ್ಟುಹೋದ ಮೇಲೂ ಒಂದು ವಾರ ತಪ್ಪಿಸಿರಲಿಲ್ಲ. ಡಿಸೆಂಬರ್ ಮೊದಲ ವಾರ ತಪ್ಪಿತು.

ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲ್ ಖಾನಾವಳಿಗೆ ಬಂದರು. ರೊಟ್ಟಿ ಎಣ್ಣೆಗಾಯಿ ತಿಂದು, ಕೈ ತೊಳೆದು, ಕಿಸೆಯಿಂದ ಒಂದು ಅರ್ಜಿ ತೆಗೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ವಾರಕ್ಕೊಂದು ದಿನ ನೆಮ್ಮದಿಯಾಗಿ ಮಲಗಲು ಬಿಡುವುದಿಲ್ಲ, ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸುತ್ತಾರೆ, ಮೈಕಿನಲ್ಲಿ ಹಾಡುತ್ತಾರೆ, ಭೈರವಿ ಆದ ಮೇಲೂ ಮುಗಿಸದೆ ಮತ್ತೊಬ್ಬರನ್ನು ಕೂರಿಸುತ್ತಾರೆ, ಇದಕ್ಕೆ ಕೊನೆಯೆಂಬುದೇ ಇಲ್ಲ, ಆದ್ದರಿಂದ ಸದರಿ ಸ್ಥಳವನ್ನು ಮುಚ್ಚಿಸಬೇಕು. ಕೆಳಗೆ ಸಹಿಯಿಲ್ಲ. ‘ನೊಂದ ನಿವಾಸಿ, ನಾಲ್ಕನೇ ಅಡ್ಡರಸ್ತೆ’ ಎಂದಷ್ಟೇ ಟೈಪ್ ಆಗಿತ್ತು.

ಭೀಮಪ್ಪ ಅಲ್ಲೇ ಊಟಕ್ಕೆ ಕೂತಿದ್ದ. ಹಾರ್ಮೋನಿಯಂ ಹೊಟ್ಟೆ ಸೀಳಿ ರಿಪೇರಿ ಮಾಡುವ ನಮ್ಮ ಅದೇ ಭೀಮಪ್ಪ. ಎಲ್ಲ ಕೇಳಿ, ‘ಆ ಭೈರವಿ ಮಾತೊಂದ್ ಮಾತ್ರ ಖರೆ ಐತ್ರಿ ಸಾಹೇಬ್ರ’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಖರೆಯೇ ತಾನೇ? ನಮ್ಮ ಹಿಂದೂಸ್ತಾನಿ ಕಡೆ ಭೈರವಿ ಹಾಡಿದರೆ ಬೈಠಕ್ ಮುಗಿಯಿತು. ಆಮೇಲೆ ದೊಡ್ಡ ಉಸ್ತಾದರು ಬಂದು ಕೂತರೂ ಬಾಯಿ ತೆರೆಯಬಾರದು. ನಿನ್ನ ಗುರುಗಳಿದ್ದಿದ್ದರೆ ನಮ್ಮನ್ನು ಮೆಟ್ಟಿಲಿನಿಂದ ಕೆಳಗೆ ದಬ್ಬುತ್ತಿದ್ದರು. ಆದರೆ ನಾನೇನು ಮಾಡಲಿ? ಭೈರವಿ ಮುಗಿದು ತಂಬೂರಿಗೆ ಗವುಸು ಹಾಕುವಾಗ ಶ್ರೀನಗರದಿಂದ ಎರಡು ಬಸ್ಸು ಬದಲಿಸಿ ಬಂದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, ‘ಮೇಡಂ, ಹತ್ತೇ ನಿಮಿಷ’ ಅನ್ನುತ್ತಾಳೆ. ದೊಡ್ಡ ಸಭೆಗಳಲ್ಲಿ ಹೆಸರಿಲ್ಲದವರನ್ನು ವೇದಿಕೆಯ ಹತ್ತಿರ ಬಿಡುವುದಿಲ್ಲ. ಹತ್ತು ನಿಮಿಷ ಎಂದವಳು ನಲವತ್ತು ನಿಮಿಷ ಹಾಡುತ್ತಾಳೆ. ಅವಳ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ.

ಅರ್ಜಿ ಇರುವಷ್ಟು ದಿನ ಹಾಡಿಸುವಂತಿಲ್ಲ ಎಂದರು ಕಾನ್‌ಸ್ಟೇಬಲ್. ‘ನಮಗೇನ್ ಮೇಡಂ, ಹಾಡಿನ ಮೇಲೆ ದ್ವೇಷವಾ? ಅರ್ಜಿ ಕೊಟ್ಟೋರೇ ಬಂದು ವಾಪಸ್ ತಗೊಂಡ್ರೆ ಮುಗೀತು.’ ಪಾಪ, ಒಳ್ಳೆಯ ಮನುಷ್ಯ. ಊಟದ ದುಡ್ಡನ್ನೂ ಕೊಟ್ಟೇ ಹೋದರು.

ಮುಚ್ಚಿದ ಮೇಲೆ ಗೊತ್ತಾಯಿತು ಸರ್ವೂ, ಆ ಎರಡು ಜಮಖಾನೆಯ ಮೇಲೆ ಎಷ್ಟು ಜನ ಕೂತಿದ್ದರೆಂದು. ಹಾಡುವವರು, ಕೇಳುವವರು ಮಾತ್ರ ಎಂದುಕೊಂಡಿದ್ದೆವು. ಭಾನುವಾರದ ಊಟಕ್ಕೆ ರೊಟ್ಟಿ ಬಡಿಯಲು ಬರುತ್ತಿದ್ದ ಸೊಣ್ಣಮ್ಮನಿಗೆ ದಾನಮ್ಮ ಬರಬೇಡ ಎಂದಳು. ಹೇಳಿ ಅಡುಗೆಮನೆಯೊಳಗೆ ಹೋಗಿ ಅತ್ತಳು. ಭೀಮಪ್ಪ ಭಾನುವಾರ ಮೆಟ್ಟಿಲ ಮೇಲೆ ತನ್ನ ಪೆಟ್ಟಿಗೆ ಬಿಚ್ಚಿಕೊಂಡು ಕೂರುತ್ತಿದ್ದನಲ್ಲ. ಕುಮಾರಸ್ವಾಮಿ ಲೇಔಟಿನಿಂದ, ಎಲ್ಲೆಲ್ಲಿಂದಲೋ ಹಾರ್ಮೋನಿಯಂ ಹೊತ್ತು ತರುವವರು ಅವನನ್ನು ಅಲ್ಲಿಯೇ ಹಿಡಿಯುತ್ತಿದ್ದರು. ಅವನಿಗೆ ಅಂಗಡಿಯಿಲ್ಲ, ನಮ್ಮ ಮೆಟ್ಟಿಲೇ ಅಂಗಡಿ. ಹಾಡುವವರಿಗೂ ಅಷ್ಟೇ. ನಾವು ಅವರಿಗೆ ಕೊಡುತ್ತಿದ್ದುದು ಒಂದು ಊಟ, ಒಂದು ತೆಂಗಿನಕಾಯಿ. ಆದರೆ ಅಲ್ಲಿ ಕೇಳಿದ ಯಾರೋ ಮನೆಯ ಮದುವೆಗೆ ಕರೆಯುತ್ತಿದ್ದರು, ಇನ್ಯಾರೋ ಮಗಳಿಗೆ ಪಾಠ ಹೇಳಿಕೊಡಿ ಎನ್ನುತ್ತಿದ್ದರು. ಬದುಕು ಅದರಿಂದ ನಡೆಯುತ್ತಿತ್ತು. ಈಗ ಯಾರು ಸಿಕ್ಕಿದರೂ ‘ಯಾವಾಗ ತೆಗೀತೀರಿ ಅಕ್ಕಾರ’ ಎನ್ನುತ್ತಾರೆ. ತರಕಾರಿ ತರಲು ಹೋಗುವುದಕ್ಕೂ ಬೇಸರ ನನಗೆ.

ಅರ್ಜಿ ಯಾರದ್ದೆಂದು ಪತ್ತೆ ಮಾಡಲು ನಮ್ಮವರಿಗೆ ಅರ್ಧ ದಿನವೂ ಬೇಕಾಗಲಿಲ್ಲ. ನಾಲ್ಕನೇ ಅಡ್ಡರಸ್ತೆಯಲ್ಲಿ ನಮ್ಮ ಹಿಂಗೋಡೆಗೆ ಅಂಟಿಕೊಂಡಿರುವ ಮನೆ ಒಂದೇ, ಚಕ್ರಪಾಣಿ ಸಾರ್ ಅವರದು. ಟೆಲಿಫೋನ್ ಇಲಾಖೆಯಲ್ಲಿದ್ದು ನಿವೃತ್ತರಾದ ಅಯ್ಯಂಗಾರರು, ಬಿಳಿ ಪಂಚೆ, ಕೈಯಲ್ಲಿ ಸದಾ ಪೇಪರು. ನಿನಗೆ ನೆನಪಿರಬೇಕು, ತೊಂಬತ್ತೇಳರಲ್ಲಿ ಒಮ್ಮೆ ಮೆಟ್ಟಿಲು ಹತ್ತಿ ಬಂದು ಮೈಕು ಸ್ವಲ್ಪ ಕಡಿಮೆ ಮಾಡಿ ಎಂದಿದ್ದರು. ಆಗ ಅವರ ಹೆಂಡತಿ ಅಲಮೇಲು ಅವರಿಗೆ ಹುಷಾರಿರಲಿಲ್ಲ, ಮರುವರ್ಷ ತೀರಿಕೊಂಡರು. ನಾವು ಹೆಂಡತಿಯನ್ನು ಮರೆತೆವು, ಮೈಕಿನ ಮಾತನ್ನು ಮಾತ್ರ ನೆನಪಿಟ್ಟುಕೊಂಡೆವು.

ಎಂಟು ಜನ ಅವರ ಮನೆಗೆ ಹೋದೆವು. ನಾನು ಹಿಂದೆ ನಿಂತಿದ್ದೆ. ಭೀಮಪ್ಪ ಅರ್ಜಿಯನ್ನು ಬಾಯಿಪಾಠ ಮಾಡಿಕೊಂಡಿದ್ದ. ಸ್ಕೂಟರು, ಮೈಕು, ಭೈರವಿ ಎಲ್ಲ ಒಪ್ಪಿಸಿದ. ‘ವಾಪಸ್ ತಗೊಳ್ರಿ ಸಾರ್, ನಾವು ಹೊಟ್ಟಿಗೆ ಏನ್ ತಿನ್ನೂಣು?’ ಎಂದ. ಚಕ್ರಪಾಣಿ ಸಾರ್ ಪೇಪರು ಮಡಚಿದರು. ಭೀಮಪ್ಪನನ್ನು ನೋಡಲಿಲ್ಲ, ದಾನಮ್ಮನನ್ನೂ ನೋಡಲಿಲ್ಲ, ಹಿಂದೆ ನಿಂತಿದ್ದ ನನ್ನನ್ನು ನೋಡಿದರು. ‘ನಾನು ಬರೆದಿಲ್ಲಪ್ಪ’ ಎಂದಷ್ಟೇ ಹೇಳಿ ಒಳಗೆ ಹೋದರು.

ಯಾರೂ ನಂಬಲಿಲ್ಲ. ಸಕ್ಕರೆ ಕಾಯಿಲೆಯೆಂದು ಅವರಿಗೆ ದಿನಾ ಮಧ್ಯಾಹ್ನ ಎರಡು ಜೋಳದ ರೊಟ್ಟಿಯ ಡಬ್ಬಿ ಖಾನಾವಳಿಯಿಂದ ಹೋಗುತ್ತಿತ್ತು. ದಾನಮ್ಮ ನಿಲ್ಲಿಸಿದಳು. ‘ನಮ್ಮ ಹೊಟ್ಟಿ ಮ್ಯಾಲೆ ಹೊಡದಾವ್ರಿಗೆ ನಾ ಯಾಕ ರೊಟ್ಟಿ ಬಡೀಲಿ?’ ಯಾರೋ ಅವರ ಕಾಂಪೌಂಡಿನ ಮೇಲೆ ಸುಣ್ಣದಲ್ಲಿ ‘ಅರಸಿಕ’ ಎಂದು ದಪ್ಪಕ್ಕೆ ಬರೆದರು. ಅವರು ಅದನ್ನು ಅಳಿಸಲಿಲ್ಲ. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ಹಾಲಿನವನಿಗಾಗಿ ನಿಲ್ಲುತ್ತಿದ್ದರು. ನಾಲ್ಕು ದಿನ ನಾನೇ ಮನೆಯಿಂದ ಡಬ್ಬಿ ಒಯ್ದು ಗೇಟಿನ ಮೇಲೆ ಇಟ್ಟುಬಂದೆ. ಯಾಕೆ ಒಯ್ದೆ ಎಂದು ದಾನಮ್ಮ ಕೇಳಿದಳು, ಮಾತು ಬದಲಿಸಿದೆ. ನೀನೂ ಈಗಲೇ ಕೇಳಬೇಡ.

ಹೀಗಿರುವಾಗ ಕಳೆದ ಗುರುವಾರ ಚಕ್ರಪಾಣಿ ಸಾರ್ ತಾವೇ ಆಟೋ ಹತ್ತಿ ಠಾಣೆಗೆ ಹೋಗಿ, ಆ ನೊಂದ ನಿವಾಸಿ ನಾನೇ, ಅರ್ಜಿ ವಾಪಸ್ ಪಡೆಯುತ್ತೇನೆ ಎಂದು ಬರೆದುಕೊಟ್ಟು ಬಂದರು. ಕಾನ್‌ಸ್ಟೇಬಲ್ ಸಂಜೆ ಬಂದು ವಿಷಯ ತಿಳಿಸಿ, ‘ಯಜಮಾನ್ರು ಒಪ್ಕೊಂಡ್ರು, ಇನ್ನು ನಿಮ್ಮ ಪಾಡಿಗೆ ನೀವು ಹಾಡ್ಕೊಳಿ’ ಎಂದರು. ಖಾನಾವಳಿಯಲ್ಲಿ ಹಬ್ಬ. ದಾನಮ್ಮ ಎಲ್ಲರಿಗೂ ಹೋಳಿಗೆ ಬಡಿಸಿದಳು. ‘ನೋಡ್ರಿ, ಅಂವನಽ ಅಂತ ನಾ ಹೇಳಿದ್ದಿಲ್ಲ?’ ಎಂದು ಭೀಮಪ್ಪ ಎದೆ ತಟ್ಟಿಕೊಂಡ. ಬರೆದಿಲ್ಲ ಎಂದದ್ದು ಸುಳ್ಳೂ ಆಯಿತು, ಬರೆದದ್ದು ತಪ್ಪೂ ಆಯಿತು ಅವರ ಪಾಲಿಗೆ. ಡಬ್ಬಿ ಮಾತ್ರ ಇನ್ನೂ ಹೋಗುತ್ತಿಲ್ಲ.

ಖುಷಿಯಾಯಿತೇ ಎಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಆಯಿತು ಎನ್ನುತ್ತೇನೆ. ನಿನಗೆ ನಿಜ ಹೇಳುತ್ತೇನೆ, ಬೀಗ ತೆಗೆಯಲು ಹೋಗಿ ಮೂರನೇ ಮೆಟ್ಟಿಲಲ್ಲಿ ಕೂತುಬಿಟ್ಟೆ. ನನಗೀಗ ನಲವತ್ತೇಳು. ಸೋಮವಾರದಿಂದ ಶನಿವಾರ ಆಫೀಸು, ಭಾನುವಾರ ಜಮಖಾನೆ ಕೊಡವುವುದು, ತಬಲಾದವರು ಬರಲಿಲ್ಲವೆಂದರೆ ಊರೆಲ್ಲ ಫೋನು, ಬಾಡಿಗೆ ಜಾಸ್ತಿ ಮಾಡುತ್ತೇನೆ ಇಲ್ಲವಾದರೆ ಪಿ.ಜಿ. ಹಾಸ್ಟೆಲ್ ಮಾಡುತ್ತೇನೆ ಎನ್ನುವ ಮಾಲೀಕರನ್ನು ಸಮಾಧಾನ ಮಾಡುವುದು. ನಾನು ಹಾಡಿ ಎಷ್ಟು ವರ್ಷವಾಯಿತು ಗೊತ್ತೇ? ಎಲ್ಲರಿಗೂ ಕೂರಲು ಜಾಗ ಮಾಡಿಕೊಡುತ್ತಾ ಬಾಗಿಲ ಹತ್ತಿರ ನಿಂತೇ ಇದ್ದೆ. ನೀನು ಹೋಗುವ ದಿನ, ‘ಶೈಲೂ, ಇದನ್ನ ನೀ ಮುಚ್ಚು, ಇಲ್ಲಂದ್ರ ಇದು ನಿನ್ನ ಮುಗಸ್ತದ’ ಎಂದಿದ್ದೆ. ನಿನಗೆ ಹೆಸರು ಬಂತು, ಇನ್ನು ನಮ್ಮ ಮಾಳಿಗೆ ಯಾಕೆ ಬೇಕು ಎಂದುಬಿಟ್ಟೆ ನಾನು. ಆ ಮಾತು ತಪ್ಪು. ಮೂರು ವರ್ಷ ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸು.

ಈಗ ಬೇಡಿಕೆ. ಇದೇ ಹದಿನೈದರ ಭಾನುವಾರ ಮಾಳಿಗೆ ತೆಗೆಯುತ್ತೇವೆ. ಶನಿವಾರದ ರೈಲು ಹತ್ತಿ ಬಾ. ನೀನೊಬ್ಬಳೇ ಹಾಡು. ಕೊನೆಗೆ ಭೈರವಿ ಹಾಡು. ಅದಾದ ಮೇಲೆ ಬಾಗಿಲಲ್ಲಿ ಯಾರೇ ನಿಂತಿದ್ದರೂ ಮುಂದಿನ ವಾರ ಬನ್ನಿ ಎನ್ನುತ್ತೇನೆ. ಹಾಗೆನ್ನಲು ನನಗೆ ಧೈರ್ಯ ಬರಬೇಕಾದರೆ ನೀನು ಪಕ್ಕದಲ್ಲಿರಬೇಕು. ಇನ್ನು ಮುಂದೆ ತಿಂಗಳಿಗೆ ಎರಡೇ ಭಾನುವಾರ ನಾನು ನೋಡಿಕೊಳ್ಳುತ್ತೇನೆ, ಉಳಿದದ್ದನ್ನು ಆ ಹಾಡುವ ಹುಡುಗರೇ ಹೊರಲಿ ಎಂದೂ ಅವತ್ತೇ ಹೇಳಬೇಕು. ಬರುವಾಗ ಪೇಡೆ ತರಬೇಡ, ಇಲ್ಲಿ ಎಲ್ಲರಿಗೂ ಸಕ್ಕರೆ ಕಾಯಿಲೆ.

ನಿನ್ನ ಮುನಿಸಿಗೆ ಇನ್ನೂ ಹೆದರುವ,
ಶೈಲೂ

ಮರೆತದ್ದು: ಮರೆತಿಲ್ಲ, ಸಹಿ ಹಾಕಿದ ಮೇಲೆ ಬರೆಯೋಣ ಎಂದು ಉಳಿಸಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದು ಚಕ್ರಪಾಣಿ ಸಾರ್ ಕಾಂಪೌಂಡಿನ ಮೇಲಿನ ಬರಹ ಒರೆಸಲು ಹೋದೆ. ಅವರು ಗೇಟು ತೆಗೆದು ಬಂದು, ಠಾಣೆಯಲ್ಲಿ ವಾಪಸ್ ಕೊಟ್ಟಿದ್ದ ಆ ಅರ್ಜಿಯನ್ನು ನನ್ನ ಒದ್ದೆ ಕೈಗೆ ಕೊಟ್ಟರು. ಭೈರವಿಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ‘ನಮ್ಮ ಕರ್ನಾಟಕ ಸಂಗೀತದ ಕಡೆ ಕಚೇರಿ ಮುಗಿಯೋದು ಮಂಗಳದಲ್ಲಿ ಕಣಮ್ಮ. ನಾನು ಬರೆದಿದ್ರೆ ಮಂಗಳ ಆದ್ಮೇಲೂ ಅಂತ ಬರೀತಿದ್ದೆ. ಭೈರವಿ ಆದ್ಮೇಲೆ ಹಾಡಬಾರದು ಅಂತ ಈ ಬೀದೀಲಿ ಸಂಕಟಪಡೋರು ಒಬ್ಬರೇ. ನಿಮ್ಮದು ನಿಮ್ಮ ಹತ್ರಾನೇ ಇರಲಿ’ ಎಂದರು. ಹೌದು ಸರ್ವೂ, ಅದನ್ನು ಬರೆದವಳು ನಾನು. ಕೈಬರಹ ಗುರುತು ಸಿಗದಿರಲೆಂದು ಜಯನಗರ ನಾಲ್ಕನೇ ಬ್ಲಾಕಿನವರೆಗೆ ಹೋಗಿ ಟೈಪ್ ಮಾಡಿಸಿದ್ದೆ. ನನಗೆ ಸಾಕಾಗಿದೆ ಎಂದು ದಾನಮ್ಮನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಬೇರೆ ಯಾರಾದರೂ ಬಂದು ಮುಚ್ಚಿಸಲಿ ಎಂದು ಆಸೆಪಟ್ಟೆ. ವಿಳಾಸ ಹಾಕುವಾಗ ನಾಲ್ಕನೇ ಅಡ್ಡರಸ್ತೆ ಎಂದದ್ದೂ ಗೊತ್ತಿದ್ದೇ. ಮತ್ತೆ ನೀವು ಯಾಕೆ ಸಾರ್ ಸಹಿ ಹಾಕಿದಿರಿ ಎಂದು ಕೇಳಿದೆ. ‘ಅಲಮೇಲು ಹೋದ್ಮೇಲೆ ಭಾನುವಾರ ಬೆಳಿಗ್ಗೆ ನಿಮ್ಮ ತಂಬೂರಿ ಕೇಳ್ಕೊಂಡೇ ಕಾಫಿ ಕುಡೀತಿದ್ದೆ. ಒಂಬತ್ತು ವಾರ ಆಯ್ತಲ್ಲಮ್ಮ’ ಎಂದರು. ಹದಿನೈದರಂದು ನೀನು ಶ್ರುತಿ ಮಾಡಿಕೊಳ್ಳುವ ಮೊದಲು ನಾನು ಎದ್ದು ನಿಂತು ಎಲ್ಲರ ಮುಂದೆ ಈ ಅರ್ಜಿ ಓದಿ, ನನ್ನದು ಎಂದು ಹೇಳುತ್ತೇನೆ. ಆಮೇಲೆ ಯಾರು ಎದ್ದು ಹೋಗದೆ ಉಳಿಯುತ್ತಾರೋ ಅವರಿಗೆ ಹಾಡು. ಒಬ್ಬರಂತೂ ಇರುತ್ತಾರೆ. ಅವರಿಗೆ ಮಂಡಿ ನೋವು, ಜಮಖಾನೆಯ ಮೇಲೆ ಕೂರಲಾಗುವುದಿಲ್ಲ. ಮುಂದುಗಡೆ ಒಂದು ಕುರ್ಚಿ ಹಾಕಿಸುತ್ತಿದ್ದೇನೆ.