ಮಂತ್ರಿಗಳ ಮಹಡಿಯಿಂದ ಇಳಿದ ಕಾಗದ

ಕ್ಯಾಂಟೀನಿನ ಹಿಂದಿನ ಕೋಣೆ,
ಗುರುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮಗಳೇ,

ಕೆಮ್ಮು ನಿಂತಿತೇ? ಖಜಾನೆಯ ಆ ದೂಳಿನ ಕಪಾಟಿನ ಹತ್ತಿರ ಕೂರಬೇಡ. ಅಮ್ಮ ಚೆನ್ನಾಗಿದ್ದಾಳೆ, ಅವಳಿಗೆ ಏನೂ ಹೇಳಿಲ್ಲ. ಇನ್ನು, ನಿನ್ನ ಒಂದು ಕಾಗದಕ್ಕೆ ಇದುವರೆಗೆ ತಗುಲಿದ ಖರ್ಚು ಕೇಳು: ನನ್ನ ಮೂರು ದಿನದ ಊಟ, ಆರು ಕಪ್ಪು, ಮೂವತ್ತು ವರ್ಷ ಕೂಡಿಟ್ಟ ಒಳ್ಳೆಯ ಹೆಸರು, ನೀನು ಅಂಟಿಸಿದ ಒಂದು ಅಂಚೆಚೀಟಿ. ಅಗ್ಗದ್ದು ಅದೊಂದೇ.

ಸತ್ತ ನಲವತ್ತು ಜನರ ಹೆಸರಿನಲ್ಲಿ ನಿಮ್ಮ ಖಜಾನೆಯಿಂದ ಪಿಂಚಣಿ ಹೋಗುತ್ತಿದೆ ಎಂದು ಬರೆದದ್ದು ತಪ್ಪಲ್ಲ. ನೇರವಾಗಿ ಹಣಕಾಸು ಮಂತ್ರಿಗಳಿಗೇ ಬರೆದೆಯಲ್ಲ, ಅದು ತಪ್ಪು. ಈ ಸಚಿವಾಲಯಕ್ಕೆ ಕೆಟಲ್ ಹೊತ್ತು ಬಂದು, ಈಗ ಕ್ಯಾಂಟೀನನ್ನೇ ಗುತ್ತಿಗೆ ಹಿಡಿದಿರುವ ಅಪ್ಪನನ್ನು ಒಂದು ಮಾತು ಕೇಳಬಾರದಿತ್ತೇ? ಮೊದಲ ಮಹಡಿ ಕಂದಾಯ: ಹಣ ಬರುವುದನ್ನು ಕಾಯುತ್ತಾರೆ. ಎರಡನೆಯದು ವೆಚ್ಚ: ಹೋಗುವುದನ್ನು ತಡೆಯುತ್ತಾರೆ, ಅಲ್ಲಿನ ಉಪಕಾರ್ಯದರ್ಶಿಗೆ ಕತ್ತರಿ ಸಾಹೇಬರೆಂದೇ ಹೆಸರು. ಮೂರನೆಯದರಲ್ಲಿ ಬಜೆಟ್ಟಿನವರು, ಪಕ್ಕದಲ್ಲೇ ಸಾಲದ ವಿಭಾಗ. ಎಲ್ಲರಿಗಿಂತ ಹೆಚ್ಚು ಸಕ್ಕರೆ ಕೇಳುವವರು ಅವರೇ. ನಾಲ್ಕನೆಯದು ಮಂತ್ರಿಗಳದು. ಅಲ್ಲಿಗೆ ಹೋದ ದೂರನ್ನು ಯಾರೂ ಓದುವುದಿಲ್ಲ. ಯಾರ ಮೇಲಿನ ದೂರೋ ಅವರಿಗೇ 'ಅಭಿಪ್ರಾಯಕ್ಕಾಗಿ' ಇಳಿಸುತ್ತಾರೆ.

ಖಜಾನೆಗಳೆಲ್ಲ ವೆಚ್ಚದವರ ಕೈಕೆಳಗೆ. ಹಾಗಾಗಿ ಸೋಮವಾರ ನಿನ್ನ ಕಾಗದ ಕತ್ತರಿ ಸಾಹೇಬರ ಮೇಜಿಗೆ ಬಂತು. ನಾನು ಚಹಾ ಇಡುತ್ತಿದ್ದೆ. ಚಹಾ ತಂದವನಿಗೆ ಕಿವಿ ಇರುವುದಿಲ್ಲ ಎಂಬುದು ಈ ಕಟ್ಟಡದ ನಂಬಿಕೆ. "ಯಾವಳ್ರೀ ಇವ್ಳು? ಆ ದುಡ್ಡೆಲ್ಲ ಇವ್ಳೇ ತಿಂದಿದಾಳೆ ಅಂತ ಬರೀರಿ. ಈ ವಾರ ಸಸ್ಪೆಂಡು, ಆಮೇಲೆ ಪೊಲೀಸು" ಎಂದರು ಗುಮಾಸ್ತನಿಗೆ. ಆಮೇಲೆ ನನ್ನತ್ತ ತಿರುಗಿ, "ಏನ್ ಯಜಮಾನ್ರೇ, ಚಹಾ ತಟ್ಟೆಗೆ ಚೆಲ್ತಿದೀರಿ? ವಯಸ್ಸಾಯ್ತು ಬಿಡಿ" ಎಂದು ನಕ್ಕರು. ನಾನೂ ನಕ್ಕೆ. ಆ ಆರು ಕಪ್ಪು ಜಾರಿ ಒಡೆದದ್ದು ಹೊರಗೆ, ಮೆಟ್ಟಿಲ ಮೇಲೆ.

ಹಿಂದಿನ ಕಟ್ಟಡದಲ್ಲಿ ಲೆಕ್ಕಪರಿಶೋಧನೆಯವರಿದ್ದಾರೆ. ಅವರು ಮಂತ್ರಿಗಳ ಮಾತನ್ನೂ ಕೇಳಬೇಕಿಲ್ಲ. ಅವರ ಮೊಹರು, ಸಂಖ್ಯೆ ಬಿದ್ದ ಕಾಗದದ ವಿಚಾರಣೆ ಮುಗಿಯುವ ತನಕ ಬರೆದವರ ಮೇಲೆ ಯಾವ ಮಹಡಿಯವರೂ ಕೈ ಇಡುವಂತಿಲ್ಲ. ನಿನ್ನೆ ಗುಮಾಸ್ತ ಊಟಕ್ಕೆ ಹೋದಾಗ ನಿನ್ನ ಕಾಗದವನ್ನು ಟ್ರೇ ಅಡಿಯಲ್ಲಿ ತಂದು ಅವರ ಟಪಾಲು ಬುಟ್ಟಿಗೆ ಹಾಕಿದೆ. ಎರಡು ಚಹಾ ಕುಡಿದು ಒಂದಕ್ಕೆ ಕಾಸು ಕೊಡುವ ಅಲ್ಲಿನ ಟಪಾಲಿನವನು ತಲೆ ಎತ್ತದೆ ಮೊಹರು ಒತ್ತಿದ. ಈ ಜನ್ಮದ ಬಾಕಿ ಅವನಿಗೆ ಮನ್ನಾ.

ಇವತ್ತು ಬೆಳಿಗ್ಗೆಯಿಂದ ಎರಡನೆಯ ಮಹಡಿಯಲ್ಲಿ ಡ್ರಾಯರುಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕುತ್ತಿದ್ದಾರೆ. "ನಿನ್ನೆ ಒಳಗೆ ಯಾರ್ ಬಂದಿದ್ರು?" ಎಂದು ನನ್ನನ್ನೇ ಎರಡು ಸಲ ಕೇಳಿದರು. ಚಪ್ಪಲಿ ಸದ್ದಾದರೆ ಸಾಕು, ಈ ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗೆ ತಳ್ಳುತ್ತೇನೆ. ನಿನ್ನ ಹೆಸರಿನ ಜೊತೆ ಗಂಡನ ಮನೆತನದ ಹೆಸರಿರುವುದೇ ಸದ್ಯದ ಪುಣ್ಯ; ನೀನು ನನ್ನ ಮಗಳೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ.

ಧೈರ್ಯವಾಗಿರು ಎಂದು ಹರಸಬೇಕು. ನನ್ನಲ್ಲೇ ಇಲ್ಲದ್ದನ್ನು ಹೇಗೆ ಕಳಿಸಲಿ? ಕ್ಷೇಮವಾಗಿರು ತಾಯಿ, ಅಷ್ಟೇ ಸಾಕು.

ನಿನ್ನ
ಅಪ್ಪ

ಮರೆತಿದ್ದೆ: ಪರಿಶೋಧಕರು ಸೋಮವಾರ ನಿನ್ನ ಖಜಾನೆಗೆ ಬರುತ್ತಾರೆ ಎಂದು ಟಪಾಲಿನವನು ಇವತ್ತು ಚಹಾ ಕುಡಿಯುತ್ತ ಹೇಳಿದ. ಈ ಕಾಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಾಳೆ ಮುಟ್ಟುತ್ತದೆ. ಮುಟ್ಟಿದ ಕೂಡಲೇ ಪಿಂಚಣಿ ರಿಜಿಸ್ಟರನ್ನು ನಿನ್ನ ಕಪಾಟಿನಲ್ಲಿಟ್ಟು ಬೀಗ ಹಾಕು. ಯಾರು ಕೇಳಿದರೂ ಕೊಡಬೇಡ; ಅದು ಹೋದರೆ ನೀನೇ ಕಳ್ಳಿ. ಗುಮಾಸ್ತ ಈಗಷ್ಟೇ ಬಾಗಿಲಿಗೆ ಬಂದು ಹೇಳಿದ: "ಸಾಹೇಬ್ರು ಕರೀತಿದಾರೆ. ಚಹಾ ಬೇಡವಂತೆ." ನಾನು ಯಾರೆಂದು ಕೇಳಿದರೆ ಗೊತ್ತಿಲ್ಲ ಎನ್ನು. ಇಷ್ಟರಿಂದ ಯಾರಿಗೆ ಏನು ಬಂತೆಂದರೆ: ಪರಿಶೋಧನೆಯವರಿಗೆ ಒಂದು ಹೊಸ ಸಂಖ್ಯೆ, ಕತ್ತರಿ ಸಾಹೇಬರಿಗೆ ಒಂದು ಅನುಮಾನ, ನಿನಗೆ ಮೂರು ದಿನ. ನನಗೆ ಏನೂ ಇಲ್ಲ, ಬೇಕಾಗಿಯೂ ಇರಲಿಲ್ಲ.