ಬಾಗಿಲು ಕಾದವನು ದಡ್ಡನಂತೆ

ಮಾರ್ಚ್ ೧೧, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡವಾದದ್ದಕ್ಕೆ ಬೈಯಬೇಡ. ಗ್ರಂಥಾಲಯದಲ್ಲಿ ನಾನು ಶನಿವಾರ ಶನಿವಾರ ಓದಿ ಹೇಳುತ್ತಿರುವ ಆ ಹಳೆಯ ಕೋಟೆಯ ಕಾದಂಬರಿಯ ಕೊನೆಯ ಅಧ್ಯಾಯ ಕೇಳಲು ಬರುತ್ತೇನೆ ಎಂದು ನೀನು ಬರೆದಿದ್ದೆ. ಬರಬೇಡ. ಕಾರಣ ಹೇಳುತ್ತೇನೆ.

ನಿನ್ನೆ ಓದಿದ್ದು, ಸೇನಾಪತಿ ಶತ್ರುವಿನಿಂದ ಜಹಗೀರಿನ ಮಾತು ಪಡೆದು ಹಿಂಬಾಗಿಲ ಬೀಗದ ಕೈ ಕೇಳುವ, ಕೊಡದ ಕಾವಲುಗಾರನನ್ನು ಇರಿಯುವ ಅಧ್ಯಾಯ. ಪುಸ್ತಕ ಮುಚ್ಚಿ, ಎಂದಿನಂತೆ "ಏನನ್ನಿಸಿತು?" ಎಂದೆ.

"ಸೇನಾಪತಿ ಭಲೇ ಆಸಾಮಿ ಮೇಡಂ!" ಎಂದ ಔಷಧಿ ಅಂಗಡಿಯವನು. "ಕೋಟೆ ಹೇಗಿದ್ರೂ ಬೀಳ್ತಿತ್ತು. ಅವನು ತನ್ನ ಮನೆ ನೋಡ್ಕೊಂಡ."

"ಮತ್ತೆ ಕಾವಲುಗಾರ?"

"ಅವನಾ? ದಡ್ಡ ಶಿಖಾಮಣಿ. ಸಂಬಳ ಎಷ್ಟಿತ್ತಂತೆ, ಪಾಪ?"

ಇಡೀ ಕೋಣೆ ಗೊಳ್ಳೆಂದಿತು. ನಿವೃತ್ತ ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡು ನಕ್ಕರು. ಮಕ್ಕಳಿಗೆ ನೀತಿಪಾಠ ಹೇಳಿದ ಬಾಯಿ ಅದು!

ಮೂವತ್ತೊಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಇದೇ ಅಧ್ಯಾಯ ಓದಿದಾಗ ನಮ್ಮ ಬೀದಿಯ ದರ್ಜಿ ಎದ್ದು ನಿಂತು ಸೇನಾಪತಿಯ ವಂಶವನ್ನೆಲ್ಲ ಜಾಲಾಡಿದ್ದ. ಅವನನ್ನು ಕೂರಿಸಲು ಇಬ್ಬರು ಬೇಕಾಯಿತು. ನಿನ್ನೆಯೂ ಅವನಿದ್ದ. ಇವನಾದರೂ ಬಾಯಿ ಬಿಟ್ಟಾನು ಎಂದು ಮುಖ ನೋಡಿದೆ. "ವಯಸ್ಸಾಯ್ತಲ್ಲ ಅಕ್ಕಾ, ಈಗ ಸೇನಾಪತಿ ಕಷ್ಟ ಅರ್ಥ ಆಗುತ್ತೆ" ಎಂದು ಹಲ್ಲು ಕಿರಿದ. ಸೇನಾಪತಿಗೆ ಕಷ್ಟವಂತೆ!

ಇಲ್ಲಿನ ನೀರಿನ ಕಚೇರಿಯಲ್ಲಿ, ಕೊಳಚೆ ಸೇರಿದ ನೀರನ್ನು ಶುದ್ಧವೆಂದ ವರದಿಗೆ ಸಹಿ ಹಾಕದೆ ಕೆಲಸ ಕಳೆದುಕೊಂಡವನು ನೀನು. ಅಂದು ಆ ನೀರು ಕುಡಿಯುತ್ತಿದ್ದವರು ಇವರೇ. ಇವರ ನಗುವಿನ ನಡುವೆ ನಿನ್ನನ್ನು ಹೇಗೆ ಕೂರಿಸಲಿ?

ಹಲ್ಲುನೋವು ಕಡಿಮೆಯಾಯಿತೇ? ಮಾತ್ರೆ ಅರ್ಧಕ್ಕೆ ಬಿಡಬೇಡ. ನೂರು ಕಾಲ ನೆಮ್ಮದಿಯಿಂದ ಬಾಳು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ, ನಿನ್ನಿಂದ ಮುಚ್ಚಿಡಲಾರೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಜೊತೆಯಲ್ಲೇ ಇರುವ ನಿನ್ನ ಮಗಳು. ಜನ ಹೋದ ಮೇಲೆ ಕುರ್ಚಿ ಜೋಡಿಸುತ್ತಿದ್ದವಳನ್ನು ಗದರಿದೆ: "ನಿಮ್ಮಪ್ಪನ ನೆನಪಾಗ್ಲಿಲ್ವೇನೇ?"

"ನೆನಪಾಯ್ತು ಅತ್ತೆ. ಅಪ್ಪನ ಕೆಲಸ ಹೋದ ವರ್ಷವೇ ನಾನು ಕಾಲೇಜು ಬಿಟ್ಟಿದ್ದು. ನೀವೇ ಹೇಳಿ, ಆ ಕಾವಲುಗಾರನ ಮಗಳು ಆಮೇಲೆ ಏನಾದ್ಲು?"

ಕಾದಂಬರಿಯಲ್ಲಿ ಆ ಹುಡುಗಿ ಒಂದೇ ಒಂದು ಸಾಲಿನಲ್ಲಿ ಬರುತ್ತಾಳೆ. ಹತ್ತಾರು ಸಲ ಓದಿದ ನನಗೆ ಆ ಪ್ರಶ್ನೆ ಒಮ್ಮೆಯೂ ಹುಟ್ಟಿರಲಿಲ್ಲ.

ಕೊನೆಯ ಅಧ್ಯಾಯ ಬರುವ ಶನಿವಾರ, ಸಂಜೆ ಐದಕ್ಕೆ. ಬಾ. ಅವಳಿಗೆ ನೀನೇ ಏನಾದರೂ ಹೇಳು.